ಸಾರಲೇಖದ ರಚನೆ ಮತ್ತು ನುಡಿ: ಹಳೆಯ ಮೈಸೂರು ಜಿಲ್ಲೆಯ ಶಾಸನಗಳ ನಿದರ್ಶನದಿಂದ

ವಿದ್ವತ್ಪತ್ರಿಕೆಗಳಲ್ಲಿ ಪ್ರತಿಯೊಂದು ಲೇಖನದ ಮೊದಲಿಗೆ ನೂರೈವತ್ತು ಇನ್ನೂರು ಮಾತುಗಳ ಚಿಕ್ಕ ಬರಹವೊಂದನ್ನು ಅಚ್ಚುಹಾಕುವ ಪದ್ಧತಿ ಈಗ ಎಲ್ಲೆಡೆಯೂ ರೂಢಿಯಾಗಿದೆ. ಇದನ್ನು ಸಾರಾಂಶವೆಂದೂ ಸಂಗ್ರಹವೆಂದೂ ಸಾರಲೇಖವೆಂದೂ ಕರೆಯುವುದುಂಟು. ಪ್ರಕೃತ ಲೇಖನದಲ್ಲಿ ಸಾರಲೇಖವೆಂಬ ಹೆಸರನ್ನೇ ಇಟ್ಟುಕೊಂಡಿದ್ದೇನೆ. ಲೇಖನವನ್ನು ಪೂರ್ತಿಯಾಗಿ ಓದುವವರು ಹತ್ತು ಜನರಿದ್ದರೆ ಸಾರಲೇಖವನ್ನು ಮಾತ್ರ ಓದಿ ಪುಟ ತಿರುವುವವರು ನೂರು ಜನರಿರುತ್ತಾರೆಂಬುದು ಅಧ್ಯಾಪಕರಾದ ನಮಗೆಲ್ಲ ತಿಳಿದ ಸಂಗತಿ. ಹೀಗಿದ್ದರೂ ಅದನ್ನು ಯಾವ ಕ್ರಮದಲ್ಲಿ ಕಟ್ಟುತ್ತಾರೆ, ಯಾವ ಮಾತುಗಳಲ್ಲಿ ಹೇಳುತ್ತಾರೆ, ಏನನ್ನು ಉಳಿಸಿ ಏನನ್ನು ಬಿಡುತ್ತಾರೆ ಎಂಬ ವಿಚಾರವನ್ನು ಕನ್ನಡದಲ್ಲಿ ಅಷ್ಟಾಗಿ ಚರ್ಚಿಸಿದಂತೆ ತೋರುವುದಿಲ್ಲ.

ತಿರುಮಕೂಡಲು ನರಸೀಪುರ, ನಂಜನಗೂಡು ಸೀಮೆಯ ಹೆಮ್ಮಿಗೆಯಂಥ ಗ್ರಾಮವೊಂದರ ವಿದ್ಯಾರ್ಥಿ ತನ್ನ ಊರಿನ ಮತ್ತು ಸುತ್ತಣ ನಾಡಿನ ಪೂರ್ವವೃತ್ತಾಂತವನ್ನು ತಿಳಿಯಬೇಕೆಂದು ಹೊರಟನೆನ್ನೋಣ. ಅವನು ಮೊದಲು ನೋಡುವುದು ಕಲ್ಲನ್ನಲ್ಲ, ಕಲ್ಲಿನ ಮೇಲಿನ ಬರಹದ ಪೂರ್ಣಪಾಠವನ್ನೂ ಅಲ್ಲ. ನೂರು ನೂರಿಪ್ಪತ್ತು ವರ್ಷಗಳ ಹಿಂದೆ ಒಬ್ಬ ವಿದ್ವಾಂಸರು ಬರೆದಿಟ್ಟ ನಾಲ್ಕು ಸಾಲಿನ ಸಾರವನ್ನು ಅವನು ನೋಡುತ್ತಾನೆ. ಆ ನಾಲ್ಕು ಸಾಲಿನಲ್ಲಿ ಇಲ್ಲದ್ದು ಅವನ ಪಾಲಿಗೆ ಚರಿತ್ರೆಯಲ್ಲಿಯೂ ಇಲ್ಲದಂತಾಗುತ್ತದೆ. ಆದ್ದರಿಂದ ಸಾರಲೇಖದ ರಚನೆ ಬರಿಯ ಬರವಣಿಗೆಯ ಶಿಷ್ಟಾಚಾರವಲ್ಲ. ಯಾವುದು ತಿಳಿಯತಕ್ಕ ವಿಷಯ, ಯಾವುದಲ್ಲ ಎಂಬ ನಿರ್ಣಯವೇ ಅದರಲ್ಲಿ ಅಡಗಿದೆ. ಈ ಮಾತನ್ನು ನಮ್ಮ ಜಿಲ್ಲೆಯ ಶಾಸನಗಳ ನಿದರ್ಶನದಿಂದ ತೋರಿಸುವುದೇ ಇಲ್ಲಿಯ ಉದ್ದೇಶ.

ಮೊದಲು ಈ ಪದ್ಧತಿಯ ಹುಟ್ಟನ್ನು ಕುರಿತು ಎರಡು ಮಾತು. ಯೂರೋಪಿನಲ್ಲಿ ವಿದ್ವತ್ಪತ್ರಿಕೆಗಳು ೧೬೬೫ರಲ್ಲಿ ಮೊದಲಾದವು. ಆ ವರ್ಷದ ಜನವರಿಯಲ್ಲಿ ಪ್ಯಾರಿಸಿನ ಪತ್ರಿಕೆ, ಮಾರ್ಚಿಯಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆ ಹೊರಬಂದವು. ಪ್ಯಾರಿಸಿನ ಪತ್ರಿಕೆಯ ಮುಖ್ಯ ಕೆಲಸವೇ ಹೊಸ ಗ್ರಂಥಗಳ ಸಾರವನ್ನು ಒದಗಿಸುವುದಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ರಸಾಯನಶಾಸ್ತ್ರದವರು ಸಾರಗಳಿಗೇ ಮೀಸಲಾದ ಪತ್ರಿಕೆಗಳನ್ನು ಹೊರಡಿಸಿದರು. ಭಾಷಾಶಾಸ್ತ್ರಕ್ಕೆ ಈ ಸೌಕರ್ಯ ತಡವಾಗಿ ಬಂದಿತು. ಭಾಷೆ ಮತ್ತು ಭಾಷಾವ್ಯವಹಾರಗಳ ಲೇಖನಗಳ ಸಾರವನ್ನು ಕ್ರಮವಾಗಿ ಕೊಡುವ ಪ್ರಕಟಣೆ ೧೯೬೭ರಲ್ಲಿ ಅಮೆರಿಕದಲ್ಲಿ ಮೊದಲಾಯಿತು. ಮೈಸೂರಿನಲ್ಲಿ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆ ೧೯೬೯ರ ಜುಲೈ ತಿಂಗಳಲ್ಲಿ ಸ್ಥಾಪಿತವಾಗಿ, ಭಾಷಾಬೋಧನೆಯೇ ಮೊದಲಾದ ಆನ್ವಯಿಕ ಭಾಷಾಶಾಸ್ತ್ರದ ಶಾಖೆಗಳು ನಮ್ಮ ನಗರದಲ್ಲಿಯೇ ನೆಲೆಗೊಂಡವು.

ಸಾರಲೇಖವನ್ನು ಬರೆಯುವುದಷ್ಟೇ ಅಲ್ಲದೆ ಅದನ್ನೇ ಅಧ್ಯಯನವಸ್ತುವಾಗಿ ಮಾಡಿಕೊಂಡವರು ಈ ಆನ್ವಯಿಕ ಭಾಷಾಶಾಸ್ತ್ರದ ವಿದ್ವಾಂಸರೇ. ೧೯೮೫ರಲ್ಲಿ ನಿಯೋಮಿ ಗ್ರೇಟ್ಸ್ ಅವರು ಇಂಗ್ಲಿಷ್ ಸಾರಲೇಖದ ನುಡಿಯನ್ನು ಪರಿಶೀಲಿಸಿ, ಭೂತಕಾಲ, ಪ್ರಥಮಪುರುಷ, ಕರ್ಮಣಿ ಪ್ರಯೋಗ, ನಿಷೇಧರೂಪದ ವರ್ಜನೆ ಇವೇ ಅದರ ಲಕ್ಷಣಗಳೆಂದರು. ಮುಂದೆ ೧೯೯೬ರಲ್ಲಿ ದೊಸ್ ಸಾಂತೊಸ್ ಅವರು ಆನ್ವಯಿಕ ಭಾಷಾಶಾಸ್ತ್ರದ ಮೂರು ಪತ್ರಿಕೆಗಳಿಂದ ೯೪ ಸಾರಲೇಖಗಳನ್ನು ಆರಿಸಿಕೊಂಡು, ಅವುಗಳಲ್ಲಿ ಐದು ಅಂಗಗಳನ್ನು ಗುರುತಿಸಿದರು: ವಿಷಯದ ಹಿನ್ನೆಲೆ, ಲೇಖನದ ಉದ್ದೇಶ, ಅನುಸರಿಸಿದ ವಿಧಾನ, ದೊರೆತ ಫಲ, ಫಲದ ವಿವೇಚನೆ. ಮೊದಲನೆಯ ಮತ್ತು ಕೊನೆಯ ಅಂಗಗಳು ಎಲ್ಲ ಸಾರಲೇಖಗಳಲ್ಲಿಯೂ ಇರುವುದಿಲ್ಲ. ಕೆನ್ ಹೈಲಂಡ್ ಅವರು ೨೦೦೦ದಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಎಂಟು ಶಾಸ್ತ್ರಗಳ ೮೦೦ ಸಾರಲೇಖಗಳನ್ನು ಹೋಲಿಸಿ, ಇವು ಮೂಲವನ್ನು ಕಿರಿದುಗೊಳಿಸುವುದರ ಜೊತೆಗೆ ಓದುಗನನ್ನು ಒಲಿಸಿಕೊಳ್ಳುವ ಕೆಲಸವನ್ನೂ ಮಾಡುತ್ತವೆಂದು ತೋರಿಸಿದ್ದಾರೆ. ಈ ಕೊನೆಯ ಮಾತು ಗಮನಾರ್ಹವಾದದ್ದು. ಒಲಿಸಿಕೊಳ್ಳಬೇಕಾದವನು ಯಾರು ಎಂಬುದರ ಮೇಲೆ ಉಳಿಸಬೇಕಾದದ್ದು ಯಾವುದು ಎಂಬುದು ನಿಂತಿದೆ.

ನಮ್ಮ ಪ್ರಾಚೀನರಿಗೆ ಇದು ತಿಳಿದಿರಲಿಲ್ಲವೆಂದಲ್ಲ. ಶಾಸ್ತ್ರಗ್ರಂಥದ ಆರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧ ಚತುಷ್ಟಯವನ್ನು ಹೇಳಬೇಕೆಂಬ ನಿಯಮವುಂಟಷ್ಟೆ. ಇದನ್ನು ನೋಡಿ, ಪಾಶ್ಚಾತ್ಯರು ಈಗ ಕಂಡದ್ದನ್ನು ನಮ್ಮವರು ಅಂದೇ ಹೇಳಿದ್ದರೆಂದು ಸಂತೋಷಪಡುವವರಿದ್ದಾರೆ. ಆ ಸಂತೋಷಕ್ಕೆ ಅಷ್ಟು ಆಧಾರವಿಲ್ಲ. ಅನುಬಂಧ ಚತುಷ್ಟಯದಲ್ಲಿ ಫಲಿತಾಂಶಕ್ಕೆ ಸ್ಥಾನವಿಲ್ಲ. ಸಿದ್ಧಾಂತವನ್ನು ಶಿಷ್ಯನು ಗ್ರಂಥವನ್ನು ಓದಿಯೇ ಪಡೆಯಬೇಕು. ಓದದೆಯೇ ಫಲವನ್ನು ತಿಳಿಯಲಿ ಎಂಬುದು ಇಂದಿನ ಸಾರಲೇಖದ ಆಶಯ. ಒಂದು ಮಾತು ಮಾತ್ರ ನಮ್ಮವರದೇ ಹೆಚ್ಚು: ಈ ಗ್ರಂಥ ಯಾರಿಗೆ ಎಂಬ ಅಧಿಕಾರಿಯ ಪ್ರಶ್ನೆಯನ್ನು ಅವರು ಬಾಯಿಬಿಟ್ಟು ಕೇಳಿದರು. ಇಂದಿನ ಸಾರಲೇಖಕಾರರು ಅದನ್ನು ಕೇಳದೆಯೇ ಉತ್ತರಿಸಿಬಿಡುತ್ತಾರೆ.

ಈಗ ನಮ್ಮ ಜಿಲ್ಲೆಗೆ ಬರೋಣ. ಬಿ. ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಮೂರನೆಯ ಸಂಪುಟ ೧೮೯೪ರಲ್ಲಿ ಹೊರಬಂದಿತು. ತಿರುಮಕೂಡಲು ನರಸೀಪುರ ಮತ್ತು ನಂಜನಗೂಡು ತಾಲ್ಲೂಕುಗಳ ಶಾಸನಗಳು ಅದರಲ್ಲಿಯೇ ಇವೆ. ಸಂಪುಟದಲ್ಲಿ ಕನ್ನಡ ಲಿಪಿಯ ಪಾಠ, ರೋಮನ್ ಲಿಪಿಯ ಪಾಠ, ಇಂಗ್ಲಿಷ್ ಅನುವಾದ, ಇವುಗಳ ಆಧಾರದಿಂದ ರಚಿಸಿದ ದೀರ್ಘವಾದ ಪೀಠಿಕೆ ಇವೆಲ್ಲ ಉಂಟು. ಅನುವಾದವೆಂದು ಹೆಸರಿದ್ದರೂ ಅನೇಕ ಕಡೆಗಳಲ್ಲಿ ಅದು ಸಂಕ್ಷೇಪವೇ. ಸಹಸ್ರಾರು ಶಾಸನಗಳನ್ನು ಒಬ್ಬರೇ ಮುಂದೆ ನಿಂತು ಪ್ರಕಟಿಸಬೇಕಾದ ಕಾಲದಲ್ಲಿ ಬೇರೆ ದಾರಿಯಿರಲಿಲ್ಲ. ಹನ್ನೆರಡು ಸಂಪುಟಗಳು ೧೯೦೫ರ ಹೊತ್ತಿಗೆ ಮುಗಿದವು. ೧೯೦೯ರಲ್ಲಿ ರೈಸ್ ಅವರು ಈ ಎಲ್ಲ ಸಂಪುಟಗಳ ಸಾರವನ್ನು ಒಂದೇ ಗ್ರಂಥಕ್ಕೆ ಇಳಿಸಿದರು. ಅಂದರೆ ಶಿಲೆಯಿಂದ ಪಾಠಕ್ಕೆ, ಪಾಠದಿಂದ ಸಂಕ್ಷಿಪ್ತ ಅನುವಾದಕ್ಕೆ, ಅಲ್ಲಿಂದ ಪೀಠಿಕೆಗೆ, ಪೀಠಿಕೆಯಿಂದ ಒಟ್ಟು ಚರಿತ್ರೆಗೆ, ಹೀಗೆ ನಾಲ್ಕು ಸಲ ಸೋಸಿದ ಮೇಲೆ ಉಳಿದದ್ದು ನಮ್ಮ ಪಠ್ಯಪುಸ್ತಕಗಳಿಗೆ ಬಂದಿತು.

ಸೋಸುವಿಕೆಯಲ್ಲಿ ಹೋದದ್ದೇನು? ದಾನಶಾಸನಕ್ಕೆ ತನ್ನದೇ ಆದ ಅಂಗಗಳುಂಟು. ಮಂಗಳಶ್ಲೋಕ, ಆಳುವ ದೊರೆಯ ಪ್ರಶಸ್ತಿ, ಕಾಲ, ದಾನಿ, ಪ್ರತಿಗ್ರಹೀತೃ, ದತ್ತವಸ್ತು, ಎಲ್ಲೆಕಟ್ಟು, ಸಾಕ್ಷಿಗಳು, ಶಾಪಾಶಯ, ಬರೆದವನ ಮತ್ತು ಕಂಡರಿಸಿದವನ ಹೆಸರು, ಹೀಗೆ ಸಾಮಾನ್ಯವಾದ ಕ್ರಮ. ದೊಸ್ ಸಾಂತೊಸ್ ಅವರು ಸಾರಲೇಖದಲ್ಲಿ ಕಂಡ ಅಂಗಗಳಿಗಿಂತ ಇವು ಹೆಚ್ಚು ಸ್ಥಿರವಾದವು. ಸಾರವನ್ನು ಬರೆಯುವವರು ಇವುಗಳಲ್ಲಿ ದೊರೆ, ಕಾಲ, ದಾನಿ, ದತ್ತವಸ್ತು ಎಂಬ ನಾಲ್ಕನ್ನು ಹಿಡಿದು ಉಳಿದವನ್ನು ಬಿಡುತ್ತಾರೆ. ಶಾಪಾಶಯದ ಸ್ಥಳದಲ್ಲಿ, ವಾಡಿಕೆಯ ಶ್ಲೋಕಗಳು ಎಂಬರ್ಥದ ಎರಡು ಮೂರು ಇಂಗ್ಲಿಷ್ ಮಾತುಗಳಿರುತ್ತವೆ. ಎಲ್ಲೆಕಟ್ಟಿನ ಸ್ಥಳದಲ್ಲಿ ಎಷ್ಟೋ ವೇಳೆ ಅಷ್ಟೂ ಇರುವುದಿಲ್ಲ.

ಮದರಾಸಿನ ಶಾಸನ ಇಲಾಖೆಯವರು ೧೮೮೭ರಿಂದ ಹೊರಡಿಸಿದ ವಾರ್ಷಿಕ ವರದಿಗಳಲ್ಲಿ ಈ ಕ್ರಮ ಕೋಷ್ಟಕದ ರೂಪವನ್ನೇ ತಾಳಿತು. ಊರು, ರಾಜವಂಶ, ರಾಜ, ತೇದಿ, ಭಾಷೆ, ಕಡೆಯಲ್ಲಿ ಷರಾ ಎಂಬ ಒಂದು ಅಂಕಣ. ಈ ಷರಾ ಅಂಕಣವೇ ಶಾಸನದ ಸಾರಲೇಖ. ಶಾಸನದ ಪೂರ್ಣಪಾಠ ಅಚ್ಚಾಗುವ ಮೊದಲು ದಶಕಗಳ ಕಾಲ ಜಗತ್ತಿಗೆ ತಿಳಿದಿದ್ದುದು ಆ ಒಂದೆರಡು ವಾಕ್ಯ ಮಾತ್ರ. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ನಿರ್ದೇಶಕರಾಗಿದ್ದ ಕಾಲದ ವಾರ್ಷಿಕ ವರದಿಗಳು ಇದಕ್ಕಿಂತ ಉದಾರವಾದವು. ಅಲ್ಲಿ ಕಲ್ಲಿನ ಅಳತೆ, ಪಾಠ, ಲಿಪ್ಯಂತರ, ಅನುವಾದ ಇವುಗಳನ್ನು ಕೊಟ್ಟು, ಕಡೆಯಲ್ಲಿ ಪ್ರತ್ಯೇಕವಾಗಿ ಒಂದು ಟಿಪ್ಪಣಿಯನ್ನು ಸೇರಿಸಿದ್ದಾರೆ. ಕಲ್ಲು ಹೇಳುವುದು ಯಾವುದು, ಸಂಪಾದಕರು ಊಹಿಸುವುದು ಯಾವುದು ಎಂಬುದನ್ನು ಓದುಗನು ಬೇರೆಬೇರೆಯಾಗಿ ನೋಡಬಹುದು. ನಮ್ಮ ದೇಶದಲ್ಲಿ ನಡೆದ ಶಾಸನ ಪ್ರಕಟಣೆಗಳಲ್ಲಿ ಇಷ್ಟು ಪ್ರಾಮಾಣಿಕವಾದ ವಿನ್ಯಾಸ ವಿರಳವೆಂದು ನನ್ನ ಅಭಿಪ್ರಾಯ.

ಈ ವಿಚಾರವನ್ನು ಒಂದೇ ಶಾಸನವನ್ನು ಹಿಡಿದು ಸ್ವಲ್ಪ ವಿಸ್ತಾರವಾಗಿ ನೋಡಬಹುದು. ಮೂರನೆಯ ಸಂಪುಟದಲ್ಲಿಯೇ ಮಂಡ್ಯ ತಾಲ್ಲೂಕಿನ ಶಾಸನಗಳ ಸಾಲಿನಲ್ಲಿ ಆತಕೂರಿನ ಪ್ರಸಿದ್ಧವಾದ ಕಲ್ಲು ಬಂದಿದೆ. ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು ೧೯೩೯ರಲ್ಲಿ. ಸಂಪುಟ ಅಚ್ಚಾದಾಗ ಆ ಭಾಗವೆಲ್ಲ ಮೈಸೂರು ಜಿಲ್ಲೆಯೇ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಲ ಶಕ ೮೭೨, ಎಂದರೆ ಕ್ರಿ. ಶ. ೯೪೯-೫೦.

ರಾಜವಂಶಗಳ ಚರಿತ್ರೆಯನ್ನು ಬರೆಯುವವರು ಇದರ ಸಾರವನ್ನು ಹೀಗೆ ಹೇಳುತ್ತಾರೆ: ರಾಷ್ಟ್ರಕೂಟ ಮುಮ್ಮಡಿ ಕೃಷ್ಣನು ತಕ್ಕೋಲದಲ್ಲಿ ಚೋಳರೊಡನೆ ಕಾದಿದಾಗ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು, ಕೃಷ್ಣನು ಮೆಚ್ಚಿ ಬೂತುಗನಿಗೆ ಬನವಾಸಿ ಹನ್ನೆರಡು ಸಾವಿರವೇ ಮೊದಲಾದ ನಾಡುಗಳನ್ನು ಕೊಟ್ಟನು. ಈ ಸಾರದಲ್ಲಿ ತಪ್ಪೇನೂ ಇಲ್ಲ. ಆದರೆ ಆ ಕಲ್ಲನ್ನು ನಿಲ್ಲಿಸಿದ್ದು ಇದಕ್ಕಾಗಿ ಅಲ್ಲ. ಆ ಯುದ್ಧದಲ್ಲಿ ಕಾದಿದ ಮಣಲೇರನೆಂಬ ವೀರನು ಒಡೆಯನ ಮೆಚ್ಚಿಗೆಗೆ ಪಾತ್ರನಾಗಿ, ಬೇಡಿ ಪಡೆದದ್ದು ಕಾಳಿಯೆಂಬ ನಾಯಿಯನ್ನು. ಕೆಳಲೆನಾಡಿನ ಬೆಳತೂರಿನ ಕಡೆಯ ಮೊರಡಿಯಲ್ಲಿ ಆ ನಾಯಿಯೂ ಒಂದು ದೊಡ್ಡ ಹಂದಿಯೂ ಕಾದಾಡಿ ಒಟ್ಟಿಗೆ ಸತ್ತವು. ಆ ನಾಯಿಗಾಗಿ ಆತುಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲನ್ನು ನಿಲ್ಲಿಸಿ, ಅದರ ಪೂಜೆಗೆಂದು ಕೆರೆಯ ಕೆಳಗಿನ ಮಣ್ಣನ್ನು ಬಿಟ್ಟರು. ಕಲ್ಲಿನ ಮೇಲೆ ಕೆತ್ತಿರುವ ಚಿತ್ರವೂ ನಾಯಿ ಹಂದಿಗಳದೇ. ಗ್ರಾಮಜೀವನವನ್ನು ಅಭ್ಯಸಿಸುವವನು ಇದರ ಸಾರವನ್ನು ಬರೆದರೆ ನಾಯಿ ಮೊದಲು ಬರುತ್ತದೆ, ರಾಜಾದಿತ್ಯನು ಆಮೇಲೆ ಬರುತ್ತಾನೆ. ನೀರಾವರಿಯನ್ನು ಅಭ್ಯಸಿಸುವವನಿಗೆ ಕೆರೆಯ ಕೆಳಗಿನ ಮಣ್ಣು ಮುಖ್ಯ. ಭಾಷಾಶಾಸ್ತ್ರಜ್ಞನಿಗೆ ಮೊರಡಿ ಎಂಬ ಮಾತೇ ಸಾಕು. ಅದನ್ನು ಗುಡ್ಡವೆಂದು ಇಂಗ್ಲಿಷಿಗೆ ತಿರುಗಿಸಿದರೆ ಅವನಿಗೆ ಉಳಿಯುವುದೇನೂ ಇಲ್ಲ. ಒಂದೇ ಕಲ್ಲಿಗೆ ನಾಲ್ಕು ಸಾರಗಳು, ನಾಲ್ಕೂ ಸತ್ಯ.

ಇದೇ ಶಾಸನದಲ್ಲಿ ಇನ್ನೊಂದು ಪಾಠವೂ ಅಡಗಿದೆ. ಬೂತುಗನು ರಾಜಾದಿತ್ಯನನ್ನು ಕೊಂದ ಬಗೆಯನ್ನು ಹೇಳುವ ಸ್ಥಳದಲ್ಲಿ, ಮೊದಲ ಅನುವಾದಗಳು ಒಂದು ಪದಕ್ಕೆ ಕಳ್ಳತನದ ಅರ್ಥವನ್ನು ಕಂಡು, ವಂಚನೆಯಿಂದ ಇರಿದು ಕೊಂದನೆಂದು ತಿಳಿದವು. ಡಾ. ಫ್ಲೀಟ್ ಅವರು ಶಾಸನವನ್ನು ‘ಎಪಿಗ್ರಾಫಿಯ ಇಂಡಿಕ’ದ ಆರನೆಯ ಸಂಪುಟದಲ್ಲಿ ಮತ್ತೆ ಸಂಪಾದಿಸುವಾಗ ಆ ಅರ್ಥವನ್ನು ಬಿಟ್ಟು, ಬಿಸುಗೆಯನ್ನೇ, ಎಂದರೆ ಆನೆಯ ಮೇಲಣ ಅಂಬಾರಿಯನ್ನೇ ಕಾಳಗದ ಕಳವನ್ನಾಗಿ ಮಾಡಿಕೊಂಡು ಕೊಂದನೆಂದು ತಿದ್ದಿದರು. ಕಳ ಎಂಬುದಕ್ಕೂ ಕಳ್ಳ ಎಂಬುದಕ್ಕೂ ನಡುವೆ ಇರುವುದು ಒಂದು ಒತ್ತಕ್ಷರ. ಆ ಒತ್ತಕ್ಷರದಿಂದ ಒಬ್ಬ ದೊರೆ ಮಿತ್ರದ್ರೋಹಿಯೋ ಶೂರನೋ ಎಂಬುದು ನಿರ್ಣಯವಾಗಿಬಿಟ್ಟಿತು. ತಿದ್ದುಪಡಿ ವಿದ್ವತ್ಸಂಪುಟದಲ್ಲಿ ಅಚ್ಚಾಯಿತು, ನಿಜ. ವಂಚನೆಯ ಮಾತು ಮಾತ್ರ ಆಮೇಲೆಯೂ ಕೆಲವು ಚರಿತ್ರೆಯ ಪುಸ್ತಕಗಳಲ್ಲಿ ಉಳಿದುಕೊಂಡಿತು. ಸಾರವೆಂಬುದು ಕೈಯಿಂದ ಕೈಗೆ ದಾಟುತ್ತದೆ. ತಿದ್ದುಪಡಿಗೆ ಆ ಕಾಲು ಇಲ್ಲ.

ಇನ್ನು ಸಾರದ ನುಡಿಯನ್ನು ಕುರಿತು. ಇಂಗ್ಲಿಷಿನಲ್ಲಿ ದಾನ ಅಥವಾ ದತ್ತಿ ಎಂಬರ್ಥದ ಒಂದೇ ಮಾತು ನಮ್ಮ ಶಾಸನಗಳ ಎಷ್ಟೋ ಮಾತುಗಳನ್ನು ನುಂಗಿಹಾಕಿದೆ. ಕೊಡಂಗೆ, ಕಲ್ನಾಡು, ಬಾಳ್ಗಚ್ಚು, ನೆತ್ತರುಗೊಡಗೆ, ಕೆರೆಗೊಡಗೆ, ಬಿತ್ತುವಟ್ಟ, ಉಂಬಳಿ, ಮಾನ್ಯ ಇವೆಲ್ಲ ಭೂಮಿಯನ್ನು ಕೊಡುವ ಬಗೆಗಳೇ. ಆದರೆ ಬಾಳ್ಗಚ್ಚು ಕತ್ತಿಯನ್ನು ತೊಳೆದು ಕೊಟ್ಟದ್ದು, ಆತಕೂರಿನ ಮಣಲೇರನಿಗೆ ದೊರೆತದ್ದು ಆ ಬಗೆಯದು. ನೆತ್ತರುಗೊಡಗೆ ಕಾದಿ ಮಡಿದವನ ಮನೆಯವರಿಗೆ ಸಂದದ್ದು. ಕೆರೆಗೊಡಗೆ ಕೆರೆಯನ್ನು ಕಟ್ಟಿದವನಿಗೋ ಕಾಯುವವನಿಗೋ ಸಂದದ್ದು. ಬಿತ್ತುವಟ್ಟ ಕೆರೆಯ ಕೆಳಗಣ ಬೆಳೆಯ ಒಂದು ಪಾಲು. ಇವುಗಳ ಹಿಂದೆ ಬೇರೆಬೇರೆ ಋಣಗಳೂ ಬೇರೆಬೇರೆ ಹಕ್ಕುಗಳೂ ಇವೆ. ಅವನ್ನೆಲ್ಲ ಒಂದೇ ಇಂಗ್ಲಿಷ್ ಪದಕ್ಕೆ ಅಡಕಮಾಡಿದ ಸಾರವನ್ನು ಮತ್ತೆ ಕನ್ನಡಕ್ಕೆ ತಂದಾಗ ‘ಭೂದಾನ ಮಾಡಿದನು’ ಎಂದಾಗುತ್ತದೆ. ಕನ್ನಡದಿಂದ ಹೊರಟ ಮಾತು ಕನ್ನಡಕ್ಕೆ ಹಿಂದಿರುಗುವಾಗ ತನ್ನ ಒಡವೆಯನ್ನೆಲ್ಲ ದಾರಿಯಲ್ಲಿ ಕಳೆದುಕೊಂಡಿರುತ್ತದೆ.

ಸ್ಥಳನಾಮಗಳ ಗತಿಯೂ ಇದೇ. ತಲಕಾಡು ಸಂಸ್ಕೃತ ತಾಮ್ರಪಟಗಳಲ್ಲಿ ತಲವನಪುರ, ಚೋಳರ ಕಾಲದಲ್ಲಿ ರಾಜರಾಜಪುರ. ಸಾರವನ್ನು ಬರೆಯುವವರು ಓದುಗನ ಅನುಕೂಲಕ್ಕಾಗಿ ಎಲ್ಲ ಕಡೆಯೂ ಇಂದಿನ ಹೆಸರನ್ನು ಹಾಕಿದರೆ, ಹೆಸರು ಬದಲಾದದ್ದು ಯಾವಾಗ, ಬದಲಾಯಿಸಿದವರು ಯಾರು ಎಂಬ ಪ್ರಶ್ನೆಯೇ ಏಳುವುದಿಲ್ಲ. ಹೆಮ್ಮಿಗೆಯ ಹೆಸರನ್ನೇ ನೋಡಿ. ಅದರ ಮೊದಲ ಭಾಗವನ್ನು ಕೇಳಿದೊಡನೆ ಹೆಮ್ಮರ, ಹೆಬ್ಬಾಗಿಲು ಮೊದಲಾದ ಮಾತುಗಳೂ ಅವುಗಳ ಹಿಂದಿರುವ ‘ಪೆರ್’ ಎಂಬ ಹಳಗನ್ನಡ ರೂಪವೂ ನೆನಪಿಗೆ ಬರುತ್ತವೆ. ಇದು ಊಹೆ. ಊಹೆ ನಿಲ್ಲಬೇಕೋ ಬೀಳಬೇಕೋ ಎಂಬುದನ್ನು ನಿರ್ಣಯಿಸತಕ್ಕದ್ದು ಹಳೆಯ ಬರಹದಲ್ಲಿ ಆ ಹೆಸರು ಪಕಾರದಿಂದ ಮೊದಲಾಗುತ್ತದೆಯೋ ಹಕಾರದಿಂದ ಮೊದಲಾಗುತ್ತದೆಯೋ ಎಂಬ ಸಂಗತಿ. ಕನ್ನಡದಲ್ಲಿ ಪಕಾರವು ಹಕಾರವಾಗುವುದು ಸುಮಾರು ಹತ್ತನೆಯ ಶತಮಾನದಿಂದ ಶಾಸನಗಳಲ್ಲಿ ಕಾಣತೊಡಗುತ್ತದೆ. ಹ್ರಸ್ವವಾದ ಊರ ಹೆಸರೊಂದು ಇಂಥ ವಿಚಾರಕ್ಕೆ ದೊಡ್ಡ ಸಾಕ್ಷಿಯಾಗಬಲ್ಲುದು. ಈ ಹೆಸರುಗಳು ಹೆಚ್ಚಾಗಿ ಸಿಕ್ಕುವುದು ಎಲ್ಲೆಕಟ್ಟಿನ ಭಾಗದಲ್ಲಿ, ಎಂದರೆ ಸಾರವನ್ನು ಬರೆಯುವವರು ಬಿಟ್ಟುಬಿಡುವ ಭಾಗದಲ್ಲಿ.

ಆದ್ದರಿಂದಲೇ ಭಾಷಾಶಾಸ್ತ್ರದ ಮೊದಲ ತಲೆಮಾರಿನವರು ಸಾರವನ್ನು ನೆಚ್ಚದೆ ಪಾಠಕ್ಕೇ ಹೋಗಬೇಕಾಯಿತು. ಎ. ಎನ್. ನರಸಿಂಹಯ್ಯನವರು ಅತಿ ಪ್ರಾಚೀನ ಕನ್ನಡ ಶಾಸನಗಳ ವ್ಯಾಕರಣವನ್ನು ಬರೆದು, ಅದನ್ನು ಮೈಸೂರು ವಿಶ್ವವಿದ್ಯಾನಿಲಯ ೧೯೪೧ರಲ್ಲಿ ಪ್ರಕಟಿಸಿತು. ಜಿ. ಎಸ್. ಗಾಯಿ ಅವರ ಹಳಗನ್ನಡದ ಚಾರಿತ್ರಿಕ ವ್ಯಾಕರಣ ೧೯೪೬ರಲ್ಲಿ ಪುಣೆಯಿಂದ ಬಂದಿತು. ವಿಭಕ್ತಿಪ್ರತ್ಯಯವೊಂದನ್ನು ಹುಡುಕುವವನಿಗೆ ಇಂಗ್ಲಿಷ್ ಸಾರದಿಂದ ಯಾವ ಉಪಯೋಗವೂ ಇಲ್ಲವಷ್ಟೆ. ಚರಿತ್ರಕಾರರಲ್ಲಿ ಅದೇ ಎಚ್ಚರವನ್ನು ಮೂಡಿಸಿದವರು ಡಾ. ಎಂ. ಚಿದಾನಂದಮೂರ್ತಿಯವರು. ೧೯೬೬ರಲ್ಲಿ ಪ್ರಕಟವಾದ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ವನ್ನು ಓದುವಾಗ, ಅದರ ಸಾಮಗ್ರಿಯಲ್ಲಿ ಎಷ್ಟು ಪಾಲು ಹಿಂದಿನವರು ವಾಡಿಕೆಯದೆಂದು ಕಡೆಗಣಿಸಿದ ಸಾಲುಗಳಿಂದಲೇ ಬಂದಿದೆಯೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಶಾಪಾಶಯದ ಮಾತುಗಳು ಜನರು ಯಾವುದನ್ನು ಮಹಾಪಾಪವೆಂದು ಭಾವಿಸಿದ್ದರು, ಯಾವ ಕ್ಷೇತ್ರವನ್ನು ಪವಿತ್ರವೆಂದು ನಂಬಿದ್ದರು ಎಂಬುದಕ್ಕೆ ನೇರವಾದ ಸಾಕ್ಷಿ. ವಾಡಿಕೆಯೆಂಬುದೇ ಅದರ ಬೆಲೆ.

ಸಾರದ ನುಡಿಯಲ್ಲಿ ಎಲ್ಲಕ್ಕಿಂತ ಮೊದಲು ಸವೆದುಹೋಗುವುದು ಸಂದೇಹದ ಗುರುತು. ತೇದಿಯಿಲ್ಲದ ಶಾಸನಕ್ಕೆ ಲಿಪಿಯ ಆಧಾರದಿಂದಲೋ ಅರಸನ ಹೆಸರಿನಿಂದಲೋ ಕಾಲವನ್ನು ಊಹಿಸಿದಾಗ ರೈಸ್ ಅವರು ಆ ವರ್ಷದ ಹಿಂದೆ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಹಾಕುತ್ತಿದ್ದರು. ಆರ್. ನರಸಿಂಹಾಚಾರ್ಯರು ‘ಕರ್ಣಾಟಕ ಕವಿಚರಿತೆ’ಯಲ್ಲಿ ಇದೇ ಕೆಲಸಕ್ಕೆ ‘ಸು.’ ಎಂಬ ಒಂದಕ್ಷರದ ಸಂಕೇತವನ್ನು ಬಳಸಿದರು. ೧೯೦೭ರಲ್ಲಿ ಮೊದಲ ಸಂಪುಟವಾಗಿ ಬಂದ ಆ ಗ್ರಂಥ ಕನ್ನಡದಲ್ಲಿಯೇ ಬರೆದ ಸಾರಲೇಖಗಳ ದೊಡ್ಡ ಭಂಡಾರವೆನ್ನಬಹುದು: ಕವಿಯ ಕಾಲ, ಮತ, ಆಶ್ರಯ, ಕೃತಿಯ ಸ್ವರೂಪ, ಕಡೆಗೆ ಆಯ್ದ ಪದ್ಯಗಳು, ಎಲ್ಲವೂ ಒಂದು ಕ್ರಮದಲ್ಲಿ. ಪದ್ಯಗಳನ್ನು ಕೊಟ್ಟದ್ದರಿಂದ ಓದುಗನಿಗೆ ಸಾರದ ಜೊತೆಗೆ ಮೂಲದ ರುಚಿಯೂ ಸಿಕ್ಕಿತು; ಈ ಉಪಾಯವನ್ನು ಶಾಸನಗಳ ಸಾರಲೇಖಕಾರರು ಅನುಸರಿಸಿದ್ದರೆ ಚೆನ್ನಾಗಿತ್ತು. ಆದರೆ ರೈಸ್ ಅವರ ಪ್ರಶ್ನಾರ್ಥಕ ಚಿಹ್ನೆಯೂ ನರಸಿಂಹಾಚಾರ್ಯರ ‘ಸು.’ ಕೂಡ ಪರೀಕ್ಷೆಯ ಟಿಪ್ಪಣಿ ಪುಸ್ತಕಕ್ಕೆ ಬರುವಷ್ಟರಲ್ಲಿ ಉದುರಿಹೋಗುತ್ತವೆ. ಸುಮಾರು ಎಂಬುದು ನಿಶ್ಚಯವಾಗುತ್ತದೆ. ಗ್ರೇಟ್ಸ್ ಅವರು ಸಾರಲೇಖದಲ್ಲಿ ನಿಷೇಧರೂಪ ಅಪರೂಪವೆಂದು ಹೇಳಿದ್ದನ್ನು ಇಲ್ಲಿ ನೆನೆಯಬಹುದು. ಶಾಸನಸಾರದಲ್ಲಿ ‘ಮುಂದಿನ ಸಾಲು ಓದಲು ಬರುವುದಿಲ್ಲ’ ಎಂಬ ನಿಷೇಧವಾಕ್ಯವೇ ಎಷ್ಟೋ ವೇಳೆ ಅತ್ಯಂತ ಬೆಲೆಯುಳ್ಳದ್ದು.

ಈ ಎರಡು ತಾಲ್ಲೂಕುಗಳಲ್ಲಿ ಇನ್ನೊಂದು ತೊಡಕುಂಟು. ಹನ್ನೊಂದನೆಯ ಶತಮಾನದ ಆರಂಭದಿಂದ ೧೧೧೬ರಲ್ಲಿ ವಿಷ್ಣುವರ್ಧನನು ತಲಕಾಡನ್ನು ಗೆದ್ದುಕೊಳ್ಳುವವರೆಗೆ ಈ ಸೀಮೆ ಚೋಳರ ಕೈಯಲ್ಲಿತ್ತಾದ್ದರಿಂದ ಇಲ್ಲಿ ತಮಿಳು ಶಾಸನಗಳು ಹೇರಳವಾಗಿವೆ. ಕನ್ನಡ ಶಾಸನದ ಸಾರ ತೃಪ್ತಿಕರವಾಗದಿದ್ದರೆ ನಮ್ಮ ವಿದ್ಯಾರ್ಥಿ ಪುಟ ತಿರುವಿ ಮೂಲವನ್ನು ನೋಡಬಲ್ಲ. ತಮಿಳು, ಗ್ರಂಥ ಲಿಪಿಗಳನ್ನು ಅರಿಯದವನಿಗೆ ಆ ಬಾಗಿಲು ಇಲ್ಲ. ತನ್ನ ಊರಿನ ಒಂದು ಶತಮಾನದ ವೃತ್ತಾಂತಕ್ಕೆ ಅವನು ಸಾರವನ್ನೇ ನಂಬಬೇಕು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಹೊರತಂದ ಪರಿಷ್ಕೃತ ಆವೃತ್ತಿಯಲ್ಲಿ ನಂಜನಗೂಡು ತಾಲ್ಲೂಕು ೧೯೭೪ರ ಮೂರನೆಯ ಸಂಪುಟದಲ್ಲಿಯೂ ತಿರುಮಕೂಡಲು ನರಸೀಪುರ ೧೯೭೬ರ ಐದನೆಯ ಸಂಪುಟದಲ್ಲಿಯೂ ಬಂದಿವೆ. ಪಾಠಗಳು ಶುದ್ಧವಾದವು, ಹೊಸ ಶಾಸನಗಳು ಸೇರಿದವು, ಸಂಖ್ಯೆಗಳು ಬದಲಾದವು. ಹಳೆಯ ಸಂಖ್ಯೆಯನ್ನು ಕೊಟ್ಟು ಹೊಸ ಸಂಪುಟವನ್ನು ಹೆಸರಿಸುವ ಪ್ರಬಂಧಗಳನ್ನು ಕಂಡಾಗ, ಲೇಖಕರು ಎರಡನ್ನೂ ತೆರೆಯದೆ ಯಾರದೋ ಸಾರದಿಂದ ಎತ್ತಿಕೊಂಡರೆಂದು ಸುಲಭವಾಗಿ ಊಹಿಸಬಹುದು.

ಹೀಗೆ ಹಿಂದಿನವರ ಸಾರಗಳಲ್ಲಿ ದೋಷವನ್ನು ಹುಡುಕುವ ನಾವು ಬರೆಯುವ ಸಾರಲೇಖ ಹೇಗಿದೆ? ಕನ್ನಡದ ಸಂಶೋಧನ ಪ್ರಬಂಧಗಳಲ್ಲಿ ಒಂದು ವಿಶಿಷ್ಟವಾದ ವಾಕ್ಯರೂಪ ಬೇರೂರಿದೆ. ‘ವಿವೇಚಿಸಲಾಗಿದೆ’, ‘ಚರ್ಚಿಸಲಾಗಿದೆ’, ‘ಗುರುತಿಸಲು ಪ್ರಯತ್ನಿಸಲಾಗಿದೆ’. ಇಂಗ್ಲಿಷಿನ ಕರ್ಮಣಿ ಪ್ರಯೋಗದ ಅನುಕರಣೆಯಿಂದ ಬಂದ ಈ ರೂಪದಲ್ಲಿ ಕರ್ತೃ ಮರೆಯಾಗುತ್ತಾನೆ, ಅದು ಹೋಗಲಿ, ಫಲವೂ ಮರೆಯಾಗುತ್ತದೆ. ಏನನ್ನು ಕುರಿತು ಬರೆದಿದೆಯೆಂದು ತಿಳಿಯುತ್ತದೆ, ಏನು ಸಿದ್ಧವಾಯಿತೆಂದು ತಿಳಿಯುವುದಿಲ್ಲ. ದೊಸ್ ಸಾಂತೊಸ್ ಅವರ ಐದು ಅಂಗಗಳಲ್ಲಿ ಎರಡನೆಯದೊಂದೇ ಉಳಿದು ಮಿಕ್ಕ ನಾಲ್ಕೂ ಲೋಪವಾಗಿರುತ್ತವೆ. ಮದರಾಸಿನ ವರದಿಯ ಷರಾ ಅಂಕಣ ಎಷ್ಟೇ ಬಡಕಲಾಗಿದ್ದರೂ, ಯಾರು ಯಾರಿಗೆ ಏನನ್ನು ಕೊಟ್ಟರೆಂದು ಹೇಳುತ್ತಿತ್ತು. ‘ಪ್ರಯತ್ನಿಸಲಾಗಿದೆ’ ಎಂಬುದು ಅಷ್ಟನ್ನೂ ಹೇಳುವುದಿಲ್ಲ. ಅನೇಕ ಪತ್ರಿಕೆಗಳು ಕನ್ನಡ ಲೇಖನಕ್ಕೂ ಇಂಗ್ಲಿಷ್ ಸಾರಲೇಖವನ್ನು ಕೇಳುವುದರಿಂದ ಮೊದಲು ಇಂಗ್ಲಿಷಿನಲ್ಲಿ ಬರೆದು ಅದನ್ನು ಕನ್ನಡಕ್ಕೆ ತಿರುಗಿಸುವ ಅಭ್ಯಾಸವೂ ಬೆಳೆದಿದೆ. ಬಾಳ್ಗಚ್ಚಿಗೆ ಆದ ಗತಿ ಈಗ ನಮ್ಮ ಸ್ವಂತ ವಾಕ್ಯಗಳಿಗೇ ಆಗುತ್ತಿದೆ.

ಬರಿಯ ಆಕ್ಷೇಪಣೆಯಿಂದ ವಿದ್ಯಾರ್ಥಿಗೆ ಪ್ರಯೋಜನವಿಲ್ಲವಾದ್ದರಿಂದ, ತರಗತಿಯ ಅಭ್ಯಾಸಕ್ಕೆ ಒದಗಲೆಂದು ಆತಕೂರು ಶಾಸನವನ್ನೇ ವಿಷಯವಾಗಿಟ್ಟುಕೊಂಡು ಎರಡು ಮಾದರಿಗಳನ್ನು ನಾನೇ ಕಟ್ಟಿ ಇಲ್ಲಿ ಕೊಟ್ಟಿದ್ದೇನೆ. ಮೊದಲನೆಯದು ವಾಡಿಕೆಯ ರೀತಿ: ‘ಪ್ರಸ್ತುತ ಪ್ರಬಂಧದಲ್ಲಿ ಆತಕೂರು ಶಾಸನದ ಐತಿಹಾಸಿಕ ಹಾಗೂ ಭಾಷಿಕ ಮಹತ್ವವನ್ನು ವಿವೇಚಿಸಲಾಗಿದೆ. ಶಾಸನದ ಅರ್ಥವನ್ನು ಕುರಿತ ವಿವಿಧ ಅಭಿಪ್ರಾಯಗಳನ್ನು ಪರಿಶೀಲಿಸಿ ಹೊಸ ಬೆಳಕನ್ನು ಚೆಲ್ಲಲು ಪ್ರಯತ್ನಿಸಲಾಗಿದೆ.’ ಎರಡನೆಯದು ಹೀಗೆ: ‘ಕ್ರಿ. ಶ. ೯೪೯-೫೦ರ ಆತಕೂರು ಶಾಸನದಲ್ಲಿ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದ ಬಗೆಯನ್ನು ಹೇಳುವ ಮಾತಿಗೆ ವಂಚನೆಯಿಂದ ಎಂದೂ ಅಂಬಾರಿಯ ಮೇಲೆ ಎಂದೂ ಎರಡು ಅರ್ಥಗಳನ್ನು ಹೇಳಿದ್ದಾರೆ. ಈ ಲೇಖನ ಆ ಮಾತನ್ನು ಚೋಳರ ದೊಡ್ಡ ಲೈಡನ್ ತಾಮ್ರಪಟಗಳ ಹೇಳಿಕೆಯೊಡನೆ ಹೋಲಿಸುತ್ತದೆ. ಅಲ್ಲಿಯೂ ರಾಜಾದಿತ್ಯನು ಆನೆಯ ಮೇಲೆಯೇ ಮಡಿದನೆಂದಿರುವುದರಿಂದ ಎರಡನೆಯ ಅರ್ಥವೇ ಹೊಂದುತ್ತದೆ. ಆದರೆ ತಾಮ್ರಪಟಗಳು ಅವನನ್ನು ಕೊಂದದ್ದು ಕೃಷ್ಣನ ಬಾಣಗಳೆಂದು ಹೇಳುತ್ತವೆ. ಬೂತುಗನ ಹೆಸರು ಅಲ್ಲಿಲ್ಲ. ಈ ಭೇದವನ್ನು ಲೇಖನ ಪರಿಹರಿಸಿಲ್ಲ.’

ಎರಡನೆಯ ಮಾದರಿ ಮೊದಲನೆಯದಕ್ಕಿಂತ ಉದ್ದವಾಗಿದೆಯೆಂದು ಸಂಪಾದಕರು ಆಕ್ಷೇಪಿಸಿ ಕತ್ತರಿಸಹೊರಟರೆ, ಹಿನ್ನೆಲೆಯ ಮಾತನ್ನು ಕಡಿಮೆ ಮಾಡಬಹುದು, ಹೋಲಿಕೆಯ ವಾಕ್ಯವನ್ನು ಫಲದ ವಾಕ್ಯದೊಡನೆ ಸೇರಿಸಲೂಬಹುದು. ಸಾಮಾನ್ಯವಾಗಿ ಮೊದಲು ಕತ್ತರಿ ಬೀಳುವುದು ಕಡೆಯ ವಾಕ್ಯಕ್ಕೆ, ಅದನ್ನು ಬಿಟ್ಟುಕೊಡಬಾರದು.